ಹಗ್ಗ ಮನೆಯೊಳಗೆ, ಬಾವಿ ಅಂಗಳದಲ್ಲಿ

ಕಡೂರಿನ ನಮ್ಮ ಮನೆಗೂ ಸಭೆ ಸೇರುವ ಪ್ರಾರ್ಥನಾಮಂದಿರಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಯಾರಾದರೂ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು. ಈ ಕಡೆ ಅಮ್ಮ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಆ ಕಡೆ ಭಕ್ತಿಯಿಂದ ಕಣ್ಣು ಮುಚ್ಚಿದವರೆಲ್ಲ ಸಾಲಾಗಿ ಸೀನುತ್ತಿದ್ದರು. ಅಪ್ಪ ಆ ಸಭೆಯ ಉಪದೇಶಿ. ಪಾದ್ರಿಗಳು ವರ್ಷಕ್ಕೆ ಮೂರು ನಾಲ್ಕು ಸಲ ರೈಲಿನಲ್ಲಿ ಬಂದು, ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನ ಕೊಟ್ಟು, ಮಕ್ಕಳ ತಲೆ ಸವರಿ ಹೋಗುತ್ತಿದ್ದರು. ಉಳಿದ ಭಾನುವಾರಗಳೆಲ್ಲ ಅಪ್ಪನವು. ವಾರದ ನಡುವೆ ತರೀಕೆರೆಯಲ್ಲೂ ಅಜ್ಜಂಪುರದಲ್ಲೂ ಇದ್ದ ನಾಲ್ಕಾರು ವಿಶ್ವಾಸಿಗಳ ಮನೆಗೂ ಅವರೇ ಹೋಗಿ ಬರಬೇಕಿತ್ತು. ಊರಲ್ಲಿದ್ದ ದಿನ ಕೋಣೆಯ ಬಾಗಿಲು ಹಾಕಿಕೊಂಡು ಪ್ರಸಂಗವನ್ನು ಗಟ್ಟಿಯಾಗಿ ಹೇಳಿ ಹೇಳಿ ತಿದ್ದಿಕೊಳ್ಳುತ್ತಿದ್ದರು. ಹೀಗಾಗಿ ಅಪ್ಪನ ಪ್ರಸಂಗಗಳನ್ನೆಲ್ಲ ನಾವು ಎರಡೆರಡು ಸಲ ಕೇಳಿದವರು. ಅಮ್ಮ ಅದನ್ನೇ ಹಿಡಿದು ಕಾಡಿಸುತ್ತಿದ್ದಳು.

“ಭಾನುವಾರ ನಾನು ಬರಲ್ಲ ಕಣ್ರೀ. ಶುಕ್ರವಾರವೇ ಎಲ್ಲ ಕೇಳಿ ಆಯ್ತು.”

“ಕೇಳಿದ್ದು ಆಯ್ತು, ಸರಿ. ನಡೆದದ್ದು ಎಷ್ಟು?” ಎಂದು ಅಪ್ಪ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು. ಅಪ್ಪ ಮಾತಿನಲ್ಲಿ ಸೋತದ್ದನ್ನು ನಾನು ಜೀವಮಾನದಲ್ಲಿ ಎರಡೇ ಸಲ ನೋಡಿದೆ. ಆ ಎರಡೂ ಸಲದ ಕಥೆ ಈಗ ಹೇಳುತ್ತೇನೆ.

ಮನೆಯ ಹಿತ್ತಿಲಿನಲ್ಲಲ್ಲ, ಮುಂದಿನ ಅಂಗಳದಲ್ಲೇ ಬಾವಿ. ಕಲ್ಲುಕಟ್ಟಡದ, ಆಳವಾದ ಬಾವಿ. ನಮ್ಮ ಕಡೆ ಎಷ್ಟೋ ಬಾವಿಗಳ ನೀರು ಸವುಳು. ಅದರಲ್ಲಿ ಬೇಳೆ ಇಟ್ಟರೆ ಸೌದೆ ಮುಗಿಯುತ್ತದೆಯೇ ಹೊರತು ಬೇಳೆ ಬೇಯುವುದಿಲ್ಲ. ನಮ್ಮ ಬಾವಿಯ ನೀರು ಸಿಹಿ. ಈ ಒಂದು ವಿಷಯದಲ್ಲಿ ಮಾತ್ರ ಅಮ್ಮನಿಗೆ ಜಂಬ ಇತ್ತು. ಬಾವಿ ಸಭೆಯದು, ಸಭೆಯ ಯಾರು ಬೇಕಾದರೂ ನೀರು ಒಯ್ಯಬಹುದು ಎಂದು ಪಾದ್ರಿಗಳ ಕಾಲದಿಂದ ಬಂದ ಮಾತು. ಆದರೆ ಹಗ್ಗ ನಮ್ಮ ಮನೆಯದು. ಕತ್ತಾಳೆ ನಾರಿನ ಆ ಉದ್ದ ಹಗ್ಗವನ್ನು ಅಮ್ಮ ನೀರು ಸೇದಿದ ಮೇಲೆ ಬಿಸಿಲಿಗೆ ಹರಡಿ, ಒಣಗಿಸಿ, ಸಿಂಬಿ ಸುತ್ತಿ, ನಡುಮನೆಯ ಬಾಗಿಲ ಹಿಂದಿನ ಗೂಟಕ್ಕೆ ತಗುಲಿಹಾಕುತ್ತಿದ್ದಳು. ಹೊರಗೆ ಬಿಟ್ಟರೆ ಕರು ಮೇಯುತ್ತದೆ, ಇಲ್ಲ ಯಾರಾದರೂ ಎಗರಿಸುತ್ತಾರೆ ಎಂಬುದು ಅವಳು ಹೇಳುತ್ತಿದ್ದ ಕಾರಣ. ಕಾರಣ ನಿಜವೇ. ಅದರಿಂದ ಆಗುತ್ತಿದ್ದ ಇನ್ನೊಂದು ಸಂಗತಿಯೂ ನಿಜ: ನೀರು ಬೇಕಾದವರು ಬಂದು ಬಾಗಿಲಲ್ಲಿ ನಿಂತು ಹಗ್ಗ ಕೇಳಬೇಕಿತ್ತು. ಕಾಂಪೌಂಡರ್ ದೇವದಾನಪ್ಪನವರ ಮನೆಯವರು ಕೇಳುತ್ತಿದ್ದರು, ಸ್ಟೇಷನ್ನಿನ ಗುಮಾಸ್ತರ ಮನೆಯವರು ಕೇಳುತ್ತಿದ್ದರು. ಕೇರಿಯವರು ಕೇಳುತ್ತಿರಲಿಲ್ಲ. ಅವರು ಕೇಳಬಾರದು ಎಂದು ಯಾರೂ ಹೇಳಿರಲಿಲ್ಲ. ಅವರು ಕೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೆ.

ನಮ್ಮ ಸಭೆ ಇದ್ದದ್ದೇ ಹಾಗೆ. ಪಟ್ಟಣದ ಏಳೆಂಟು ಮನೆಯವರು ಬೆಂಚಿನ ಮೇಲೆ. ಅರ್ಧ ಹರದಾರಿ ಆಚೆಯ ಒಂದು ಹಳ್ಳಿಯ ಕೇರಿಯಿಂದ ನಡೆದು ಬರುವ ಆರು ಸಂಸಾರದವರು ಹಿಂದೆ, ಚಾಪೆಯ ಮೇಲೆ. ಊರಿನ ಜನ ಆ ಕೇರಿಯನ್ನು ಜಾತಿ ಹಿಡಿದು ಕರೆಯುತ್ತಿದ್ದರು; ನಾವು ‘ಕೇರಿಯ ವಿಶ್ವಾಸಿಗಳು’ ಎಂದು ಮೃದುವಾಗಿ ಕರೆದು, ಚಾಪೆಯ ಮೇಲೆಯೇ ಕೂರಿಸುತ್ತಿದ್ದೆವು. ಭೋಜನದ ಪಾತ್ರೆ ಒಂದೇ. ಆದರೆ ಬೆಂಚಿನವರ ಸುತ್ತು ಮುಗಿದ ಮೇಲೆ ಅದು ಚಾಪೆಯ ಕಡೆ ಹೋಗುತ್ತಿತ್ತು. ನನಗೆ ಆಗ ಹತ್ತು ವರ್ಷ. ಗಾಳಿ ಬೀಸುವ ಕಡೆ ಬೆಂಚು, ಬಾಗಿಲ ಕಡೆ ಚಾಪೆ ಎಂಬುದು ನನಗೆ ಗೋಡೆ, ಕಿಟಕಿಗಳಷ್ಟೇ ಸಹಜವಾಗಿ ಕಾಣುತ್ತಿತ್ತು.

ಅಮ್ಮನಿಗೆ ಒಂದು ಹಬ್ಬವಿತ್ತು, ಅದು ಯಾವ ಪಂಚಾಂಗದಲ್ಲೂ ಇಲ್ಲದ್ದು. ಅವಳು ಚೌಳಹಿರಿಯೂರಿನ ಕಡೆಯ ಒಂದು ಒಕ್ಕಲು ಮನೆಯ ಹೆಣ್ಣು. ಹುಡುಗಿಯಾಗಿದ್ದಾಗ ಕಣ್ಣುಬೇನೆಗೆಂದು ಮಿಷನ್ ಆಸ್ಪತ್ರೆ ಸೇರಿ, ಅಲ್ಲಿ ಓದು ಕಲಿತು, ದೀಕ್ಷಾಸ್ನಾನವಾಗಿ, ಕೊನೆಗೆ ಅಪ್ಪನನ್ನು ಮದುವೆಯಾದವಳು. ಅಂದಿಗೆ ಅವಳ ತವರಿನ ಬಾಗಿಲು ಮುಚ್ಚಿತು. ಬರುತ್ತಿದ್ದವನು ಒಬ್ಬನೇ, ತಮ್ಮ ತಿಮ್ಮಣ್ಣ, ನನ್ನ ಸೋದರಮಾವ. ಕಡೂರಿನ ಸಂತೆಗೆ ಗಾಡಿ ಹೂಡಿದಾಗ, ಎರಡು ಮೂರು ತಿಂಗಳಿಗೊಮ್ಮೆ, ನಮ್ಮ ಮನೆಗೆ ತೆಂಗಿನಕಾಯಿ ಚೀಲ ಇಳಿಸಿ ಹೋಗುತ್ತಿದ್ದ. ನಮ್ಮಲ್ಲಿ ಅವನು ಉಣ್ಣುತ್ತಿರಲಿಲ್ಲ. ಮಜ್ಜಿಗೆಯನ್ನೂ ಮುಟ್ಟುತ್ತಿರಲಿಲ್ಲ. ಆದರೆ ಹಗ್ಗವನ್ನು ಅಮ್ಮನ ಕೈಯಿಂದ ಇಸಿದುಕೊಂಡು, ತಾನೇ ನೀರು ಸೇದಿ, ಕಾಲು ತೊಳೆದು, ತನ್ನ ಚೊಂಬಿನಲ್ಲಿ ಮೊಗೆದು ಗಟಗಟ ಕುಡಿಯುತ್ತಿದ್ದ. ಆಮೇಲೆ ಜಗಲಿಯ ಮೇಲೆ ಕೂತು ತನ್ನ ಸಂಚಿಯ ಎಲೆಅಡಿಕೆ ಹಾಕಿಕೊಂಡು ಊರಿನ ಸುದ್ದಿ ಹೇಳುತ್ತಿದ್ದ. ಅವನು ನೀರು ಕುಡಿಯುವಷ್ಟು ಹೊತ್ತೂ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದಳು. ತವರಿನವರು ತನ್ನ ಮನೆಯಲ್ಲಿ ಮುಟ್ಟುವುದು ಅದೊಂದನ್ನೇ ಎಂದು ಅವಳಿಗೆ ಗೊತ್ತಿತ್ತು. ಅವನ ಗಾಡಿ ತಿರುವು ದಾಟಿದ ಮೇಲೂ ಅವಳ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು. ಆ ದಿನ ನಾನು ಏನು ತಪ್ಪು ಮಾಡಿದರೂ ಏಟು ಬೀಳುತ್ತಿರಲಿಲ್ಲ.

ಆ ವರ್ಷ ಬೇಸಿಗೆಯ ಮೊದಲಲ್ಲಿ ಕೇರಿಯಲ್ಲಿ ಒಂದು ಗಲಾಟೆಯಾಯಿತು. ಊರಿನಲ್ಲಿ ಯಾರೇ ಸತ್ತರೂ ಕೇರಿಯ ಗಂಡಸರು ಹೋಗಿ ತಮಟೆ ಬಾರಿಸಬೇಕು, ಸತ್ತ ದನ ಎಳೆಯಬೇಕು, ಅಧಿಕಾರಿಗಳು ಮೊಕ್ಕಾಂ ಮಾಡಿದರೆ ಗಂಟುಮೂಟೆ ಹೊರಬೇಕು. ಇದೆಲ್ಲ ಬಿಟ್ಟಿ. ನಮ್ಮ ಸಭೆಯ ಆರು ಸಂಸಾರದವರು ಇನ್ನು ಕೂಲಿ ಇಲ್ಲದೆ ಮಾಡುವುದಿಲ್ಲ ಎಂದುಬಿಟ್ಟರು. ಊರಿನವರು ಅವರಿಗೆ ಕೆರೆಯ ಮೂಲೆಯಲ್ಲಿ ಬಿಟ್ಟಿದ್ದ ನೀರಿನ ಜಾಗಕ್ಕೆ ಮುಳ್ಳು ಹಾಕಿದರು. ಅಪ್ಪ ಸ್ಟೇಷನ್ ಗುಮಾಸ್ತರನ್ನು ಕೂರಿಸಿಕೊಂಡು ಸರ್ಕಾರಕ್ಕೆ ಅರ್ಜಿ ಬರೆದರು. ಅರ್ಜಿ ಹೋಯಿತು. ಬೇಸಿಗೆ ಮಾತ್ರ ಅರ್ಜಿಯ ಉತ್ತರಕ್ಕೆ ಕಾಯಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಗಂಡಸರು ಕೂತು ಮಾತಾಡಿದರು. ದೇವದಾನಪ್ಪನವರಿಗೆ ಇದು ಸಭೆಯ ಕೆಲಸವೇ ಎಂಬ ಅನುಮಾನ. ಅವರು ಕೆಟ್ಟವರಲ್ಲ, ಕೇರಿಯಲ್ಲಿ ಜ್ವರ ಎಂದರೆ ಅರ್ಧ ಊಟ ಬಿಟ್ಟು ಔಷಧದ ಪೆಟ್ಟಿಗೆ ಹಿಡಿದು ಹೋಗುತ್ತಿದ್ದ ಮನುಷ್ಯ. ಆದರೆ ಜಗಳ ಎಂದರೆ ಹೆದರುತ್ತಿದ್ದರು.

“ಆತ್ಮದ ವಿಷಯ ನಮ್ಮದು ಉಪದೇಶಿಗಳೇ. ಊರಿನ ವ್ಯಾಜ್ಯ ನಮಗ್ಯಾಕೆ? ನಾಳೆ ನಮ್ಮ ಬಾಗಿಲಿಗೂ ಮುಳ್ಳು ಹಾಕ್ತಾರೆ.”

“ಬಾಯಾರಿದ ಆತ್ಮ ಯಾರ ವಿಷಯ ದೇವದಾನಪ್ಪನವರೇ?” ಎಂದರು ಅಪ್ಪ.

ಕೊನೆಗೆ ಎಲ್ಲರಿಗೂ ಒಪ್ಪಿತವಾಗುವ ಒಂದು ದಾರಿ ಸಿಕ್ಕಿತು. ಕೇರಿಯವರು ಬಂದು ನಮ್ಮ ಬಾವಿಯ ನೀರು ಒಯ್ಯಲಿ. ಪಾಪ, ಕೂಲಿ ಮಾಡಿ ಸೋತು ಬರುತ್ತಾರೆ, ಅವರಿಂದ ಸೇದಿಸುವುದು ಸರಿಯಲ್ಲ. ಪಟ್ಟಣದ ಒಂದೊಂದು ಮನೆಯವರು ಒಂದೊಂದು ದಿನ ನಿಂತು ಸೇದಿ ಹಾಕಲಿ. ಇದಕ್ಕೆ ಅಪ್ಪ ‘ಜಲಸೇವೆ’ ಎಂದು ಹೆಸರಿಟ್ಟರು. ಯಾರ ಸರದಿ ಯಾವ ದಿನ ಎಂದು ದುಂಡಾದ ಅಕ್ಷರದಲ್ಲಿ ಬರೆದು ಮಂದಿರದ ಗೋಡೆಗೆ ಅಂಟಿಸಿದರು. ನನ್ನ ಅಪ್ಪನ ಕಣ್ಣಲ್ಲಿ ಅವತ್ತು ನೀರು ಬಂದಿತ್ತು. ಸಭೆ ಕೊನೆಗೂ ಏನನ್ನೋ ಮಾಡಲು ಎದ್ದು ನಿಂತಿತು ಎಂದು ಅವರು ನಂಬಿದ್ದರು. ನಾವೆಲ್ಲರೂ ನಂಬಿದ್ದೆವು.

ಜಲಸೇವೆ ನಡೆಯುತ್ತಿದ್ದ ರೀತಿ ಹೀಗೆ. ಬಾವಿಯ ಸುತ್ತ ಒಂದು ಎತ್ತರದ ಕಟ್ಟೆ. ಸೇವೆಯವರು ಕಟ್ಟೆಯ ಮೇಲೆ ನಿಂತು ಸೇದುವುದು. ಕೇರಿಯ ಹೆಂಗಸರು ಕಟ್ಟೆಯ ಕೆಳಗೆ ತಮ್ಮ ಗಡಿಗೆಗಳನ್ನು ಸಾಲಾಗಿಟ್ಟು ಸ್ವಲ್ಪ ಹಿಂದೆ ಸರಿದು ನಿಲ್ಲುವುದು. ಮೇಲಿನಿಂದ ಗಡಿಗೆಗಳಿಗೆ ನೀರು ಹುಯ್ಯುವುದು. ಹುಯ್ಯುವಾಗ ಒಂದು ಕೀರ್ತನೆ ಹಾಡಬೇಕೆಂದು ಅಪ್ಪನೇ ಸೂಚಿಸಿದ್ದರು. ಬುಧವಾರ ನಮ್ಮ ಮನೆಯ ಸರದಿ. ಅಮ್ಮ ಸೇದಿ ಕಟ್ಟೆಯ ಮೇಲಿಟ್ಟ ನೀರನ್ನು ಚಿಕ್ಕ ಬಿಂದಿಗೆಯಲ್ಲಿ ಮೊಗೆದು ಕೆಳಗೆ ಹುಯ್ಯುವ ಕೆಲಸ ನನ್ನದು. ನನಗೆ ಎಂಥ ಹಿಗ್ಗು ಎಂದರೆ, ಮಂಗಳವಾರ ಸಂಜೆಯೇ ಒಗೆದ ಲಂಗ ತೆಗೆದಿಡುತ್ತಿದ್ದೆ. ಪಾದ್ರಿಗಳು ಆ ನಡುವೆ ಒಂದು ಸಲ ಬಂದವರು ಇದನ್ನು ನಿಂತು ನೋಡಿದರು. ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ನನ್ನ ಹೆಸರು ಕೇಳಿ, ‘ಸುಗುಣಾ, ನೀನು ಒಳ್ಳೆಯ ಮಗು’ ಎಂದು ತಮ್ಮ ಬಿಗಿದ ಪುಸ್ತಕದ ಕನ್ನಡದಲ್ಲಿ ಹೇಳಿದರು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ನೀರಿಗೆ ಬರುತ್ತಿದ್ದವರಲ್ಲಿ ಮುಂದಾಳು ಮುದ್ದಮ್ಮ. ದೀಕ್ಷಾಸ್ನಾನದಲ್ಲಿ ಅವಳಿಗೆ ಬೇರೆ ಹೆಸರಿಟ್ಟಿದ್ದರು. ಆ ಹೆಸರು ಸಭೆಯ ಪುಸ್ತಕದಲ್ಲೇ ಉಳಿಯಿತು. ರಸ್ತೆಗೆ ಜಲ್ಲಿ ಒಡೆಯುವ ಕೆಲಸದವಳು. ನೆಟ್ಟಗೆ ನಿಲ್ಲುವ ಹೆಂಗಸು, ಮಾತು ಕಡಿಮೆ. ನಾನು ಹಾಡುತ್ತ ನೀರು ಹುಯ್ಯುವಾಗ ಅವಳು ನನ್ನ ಮುಖ ನೋಡದೆ ಗಡಿಗೆಯ ಬಾಯಿಯನ್ನೇ ನೋಡುತ್ತಿದ್ದಳು. ನಾಚಿಕೆ ಎಂದು ನಾನು ತಿಳಿದಿದ್ದೆ.

ಒಂದು ಶುಕ್ರವಾರ ಅಪ್ಪ ಅಜ್ಜಂಪುರಕ್ಕೆ ಹೋಗಿದ್ದರು. ಅಮ್ಮ ಸ್ಟೇಷನ್ ಗುಮಾಸ್ತರ ಮನೆಯಲ್ಲಿ ಬಾಣಂತಿಯನ್ನು ನೋಡಿಕೊಳ್ಳಲು ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೆ. ಶುಕ್ರವಾರ ದೇವದಾನಪ್ಪನವರ ಮನೆಯ ಸರದಿ. ಅವರ ಮನೆಗೆ ಬೀರೂರಿನಿಂದ ನೆಂಟರು ಬಂದು, ಆ ಗಡಿಬಿಡಿಯಲ್ಲಿ ಸರದಿ ಮರೆತೇಹೋಗಿತ್ತು. ಮುದ್ದಮ್ಮ, ಮತ್ತೆ ನಾಲ್ವರು ಹೆಂಗಸರು ಗಡಿಗೆ ಇಟ್ಟು ಕಾದರು. ಬಿಸಿಲು ಕಟ್ಟೆ ಹತ್ತಿತು, ಕಟ್ಟೆಯಿಂದ ನಮ್ಮ ಮೆಟ್ಟಿಲಿಗೆ ಬಂತು. ಅವರಲ್ಲಿ ಒಬ್ಬಳು ತುಂಬಿದ ಬಸುರಿ. ಅವಳು ಮಂದಿರದ ಗೋಡೆಯ ನೆರಳಲ್ಲಿ ಕೂತುಬಿಟ್ಟಳು. ಆಗ ಮುದ್ದಮ್ಮ ನಮ್ಮ ಬಾಗಿಲ ಹತ್ತಿರ ಬಂದಳು. ಹೊಸ್ತಿಲಿಗೆ ಮೂರು ಮಾರು ದೂರದಲ್ಲಿ ನಿಂತಳು.

“ಮಗಾ, ಹಗ್ಗ ಒಸಿ ಎಸ್ದುಬಿಡವ್ವ. ನಾವೇ ಸೇದ್ಕೋತೀವಿ.”

ಹಗ್ಗ ನನ್ನ ಬೆನ್ನ ಹಿಂದೆಯೇ ತೂಗುತ್ತಿತ್ತು. ನಾನು ತಟ್ಟೆ ಮುಂದಿಟ್ಟುಕೊಂಡು ಅನ್ನ ಸಾರು ಉಣ್ಣುತ್ತಿದ್ದೆ. ಏನು ಹೇಳಿದೆ ಎಂಬುದನ್ನು ಇಷ್ಟು ವರ್ಷವಾದರೂ ಬೇರೆ ಯಾರೋ ಹೇಳಿದಂತೆ ನೆನಪಿಸಿಕೊಳ್ಳಲು ನನಗೆ ಆಗಿಲ್ಲ.

“ಇವತ್ತು ನಮ್ಮ ಸರದಿ ಅಲ್ಲ. ದೇವದಾನಪ್ಪನವರದು. ಅವರು ಬಂದು ಹಾಕ್ತಾರೆ, ಕಾಯಿರಿ.”

ಮುದ್ದಮ್ಮ ನನ್ನನ್ನು ಬೈಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದು, ಬಸುರಿಯ ರಟ್ಟೆ ಹಿಡಿದು ಎಬ್ಬಿಸಿ, ಐದೂ ಜನ ಖಾಲಿ ಗಡಿಗೆ ಹೊತ್ತು ಹೊರಟುಹೋದರು. ತುಂಬಿದ ಬಾವಿಯ ಪಕ್ಕದಿಂದ. ನಾನು ಉಂಡ ತಟ್ಟೆ ತೊಳೆಯಲು ನೀರು ಬೇಕಾದಾಗ ಹಂಡೆಯಲ್ಲಿ ನೀರಿತ್ತು.

ಆ ಭಾನುವಾರ ಅಪ್ಪ ಪ್ರಸಂಗ ಮುಗಿಸಿ, ಯಾರಾದರೂ ಸಾಕ್ಷಿ ಹೇಳುವುದಿದ್ದರೆ ಹೇಳಬಹುದು ಎಂದರು. ಅದು ಪ್ರತಿವಾರದ ಪದ್ಧತಿ. ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದು. ಸಾಮಾನ್ಯವಾಗಿ ದೇವದಾನಪ್ಪನವರು ಎದ್ದು ತಮ್ಮ ಸೊಂಟನೋವಿನ ಬಗ್ಗೆ ಹೇಳುತ್ತಿದ್ದರು. ಅವತ್ತು ಚಾಪೆಯ ಮೇಲಿನಿಂದ ಮುದ್ದಮ್ಮ ಎದ್ದಳು. ಕೇರಿಯ ಹೆಂಗಸು ಸಾಕ್ಷಿಗೆ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಬೆಂಚಿನವರು ತಿರುಗಿ ನೋಡಿದರು.

“ಉಪದೇಸಿಯೋರೆ, ನಮಗೆ ನೀರು ಹುಯ್ಯೋದು ಬ್ಯಾಡ. ಹಗ್ಗ ಕೊಡಿ.”

ಅಪ್ಪನಿಗೆ ಅರ್ಥವಾಗಲಿಲ್ಲ. ಶುಕ್ರವಾರ ಆದ ತಪ್ಪಿಗೆ ಕ್ಷಮೆ ಕೇಳಿ, ಇನ್ನು ಸರದಿ ತಪ್ಪದಂತೆ ನೋಡಿಕೊಳ್ಳುತ್ತೇವೆ ಎಂದರು. ಮುದ್ದಮ್ಮ ತಲೆ ಅಲ್ಲಾಡಿಸಿದಳು.

“ಸರದಿ ಮಾತಲ್ಲ ಬುದ್ಧಿ. ಕೆರೆ ಬತ್ತಿದ್ರೆ ಊರ್ ಬಾವೀತಾವೂ ನಮಗೆ ಮ್ಯಾಲಿಂದ ಹುಯ್ತಿದ್ರು. ಇಲ್ಲೂ ಮ್ಯಾಲಿಂದ ಹುಯ್ತೀರಿ. ಅವರು ಬೈಕೊಂಡು ಹುಯ್ತಿದ್ರು, ನೀವು ಹಾಡ್ ಹೇಳ್ಕೊಂಡು ಹುಯ್ತೀರಿ. ಅಷ್ಟೇಯ. ನಾವು ಜಲ್ಲಿ ಒಡ್ಯೋರು. ನಮ್ಮ ರಟ್ಟೆಗೇನು ಬಂದದೆ? ಒಂದು ಕೊಡ ಸೇದ್ಕೊಳಕೆ ನಮ್ಗೆ ಬರಲ್ವಾ?”

ಅವಳು ಕೂತಳು. ಅಪ್ಪ ಮಾತಿನಲ್ಲಿ ಸೋತ ಮೊದಲ ಸಲ ಅದು. ಅವರ ಬಾಯಿ ತೆರೆದಿತ್ತು, ಒಂದು ಅಕ್ಷರವೂ ಬರಲಿಲ್ಲ. ಗುಮಾಸ್ತರು ನೆಲ ನೋಡಿದರು. ಅಪ್ಪ ಕಣ್ಣೆತ್ತಿ ಅಮ್ಮನ ಕಡೆ ನೋಡಿದರು. ಹಗ್ಗ ಇದ್ದದ್ದು ಅಮ್ಮನ ಗೂಟದಲ್ಲಲ್ಲವೇ. ಅಮ್ಮ ಎದ್ದು ಸೆರಗು ಸರಿಮಾಡಿಕೊಂಡು ಮನೆಗೆ ನಡೆದಳು.

ಆಮೇಲೆ ನಮ್ಮ ಮನೆಯಲ್ಲಿ ಆದ ಜಗಳದಂಥ ಜಗಳ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಅಪ್ಪ ಊಟಕ್ಕೆ ಕೂತವರು ತುತ್ತು ಕಲಸುತ್ತ, ಹಗ್ಗ ಕೊಟ್ಟುಬಿಡೋಣ, ಅವಳು ಹೇಳಿದ್ದು ಸರಿ ಎಂದರು.

“ಕೊಡೋಕೆ ನಿಮಗೇನ್ರೀ ಕಷ್ಟ?” ಎಂದಳು ಅಮ್ಮ. “ನಿಮಗೆ ಏನು ಹೋಗುತ್ತೆ? ನೀವು ಅನಾಥಶಾಲೇಲಿ ಬೆಳೆದೋರು. ಅಣ್ಣ ಇಲ್ಲ, ತಮ್ಮ ಇಲ್ಲ. ಜಗತ್ತೇ ನೆಂಟರು ನಿಮಗೆ. ನನಗೆ ಇರೋನು ಒಬ್ಬ. ಅವನು ನನ್ನ ಮನೇಲಿ ಬಾಯಿಗೆ ಹಾಕ್ಕೊಳ್ಳೋದು ಒಂದು ಚೊಂಬು ನೀರು. ಆ ಕೇರಿಯೋರು ಹಗ್ಗ ಮುಟ್ಟಿದ್ರೆ ಅವನು ಈ ಅಂಗಳಕ್ಕೆ ಕಾಲಿಡ್ತಾನಾ? ಹೇಳಿ.”

ಅಪ್ಪ ಕಲಸಿದ ಅನ್ನವನ್ನು ಹಾಗೇ ಬಿಟ್ಟರು. ಅಷ್ಟರಲ್ಲಿ ದೇವದಾನಪ್ಪನವರು ಬಂದರು. ಬೆವರು ಒರೆಸಿಕೊಳ್ಳುತ್ತ ಒಂದು ಉಪಾಯ ಹೇಳಿದರು: ಇನ್ನೊಂದು ಹೊಸ ಹಗ್ಗ ತರೋಣ, ಕೇರಿಯವರಿಗೆ ಅಂತಲೇ. ಅದು ಹೊರಗೆ ನಿಂಬೆಗಿಡಕ್ಕೆ ತೂಗಿರಲಿ. ಈ ಹಗ್ಗ ಒಳಗೇ ಇರಲಿ. ಯಾರ ಮನಸ್ಸೂ ನೋಯುವುದಿಲ್ಲ. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮನಿಗೆ ಅದು ಒಪ್ಪಿಗೆಯಾಗಬೇಕಿತ್ತು. ಅವಳ ತಮ್ಮನಿಗೆ ಹಳೆಯ ಹಗ್ಗ, ಅವಳ ಮನಸ್ಸಿಗೆ ನೆಮ್ಮದಿ. ಅವಳು ಹೂಂ ಎನ್ನಲು ಬಾಯಿ ತೆರೆದಳು ಎಂದೇ ನನ್ನ ನೆನಪು.

ಆಗ ನಾನು ಅತ್ತುಬಿಟ್ಟೆ. ಶುಕ್ರವಾರ ಮುದ್ದಮ್ಮ ಹಗ್ಗ ಕೇಳಿದ್ದನ್ನೂ ನಾನು ಹೇಳಿದ ಉತ್ತರವನ್ನೂ ಬಿಕ್ಕುತ್ತ ಹೇಳಿದೆ.

“ಎಷ್ಟು ಹೊತ್ತು ನಿಂತಿದ್ರು?” ಎಂದಳು ಅಮ್ಮ.

“ಮೆಟ್ಟಿಲಿಗೆ ಬಿಸಿಲು ಬರೋವರೆಗೆ.”

“ಆ ಬಸುರಿ ಹೆಂಗಸೂ ಇದ್ಲಾ?”

“ಹೂಂ.”

“ನೀನೇನು ಮಾಡ್ತಿದ್ದೆ?”

“ಉಣ್ತಿದ್ದೆ.”

ಏಟು ಬೀಳುತ್ತದೆ ಎಂದು ನಾನು ಕಾದೆ. ಅಮ್ಮ ನನ್ನನ್ನು ಹೊಡೆಯಲಿಲ್ಲ. ಒಲೆಯ ಹತ್ತಿರ ಹೋಗಿ ಬೆನ್ನು ಮಾಡಿ ಕೂತಳು. ಆಮೇಲೆ ಅವಳು ಹೇಳಿದ್ದನ್ನು ಅಪ್ಪನೂ ಅದುವರೆಗೆ ಕೇಳಿರಲಿಲ್ಲ.

“ಇವಳು ಎಳೇ ಕೂಸಾಗಿದ್ದಾಗ ಒಂದ್ಸಲ ಎತ್ಕೊಂಡು ಊರಿಗೆ ಹೋಗಿದ್ದೆ. ನಿಮಗೆ ಹೇಳಿರಲಿಲ್ಲ. ಅವ್ವ ಕೂಸಿನ ಮುಖ ನೋಡಿದ್ರೆ ಕರಗ್ತಾಳೆ ಅನ್ಕೊಂಡಿದ್ದೆ. ಹಟ್ಟಿ ಬಾಗಿಲಲ್ಲೇ ನಿಲ್ಸಿದ್ರು. ದಾಹ ಅಂದೆ. ಅವ್ವ ಚೊಂಬು ತಂದು, ಕೈ ಒಡ್ಡು ಅಂದು, ಮೇಲಿಂದ ಹುಯ್ದಳು. ಹೆತ್ತ ಅವ್ವ. ಅಳ್ತಾ ಹುಯ್ದಳು ಕಣ್ರೀ, ಪಾಪ, ಅವಳಿಗೂ ಸಂಕಟ. ಕುಡಿದೆ. ದಾಹ ಹೋಯ್ತು. ಆದ್ರೆ ಆ ನೀರು ಇವತ್ತಿಗೂ ಗಂಟಲಿಂದ ಕೆಳಗೆ ಇಳಿದಿಲ್ಲ.”

ದೇವದಾನಪ್ಪನವರು ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತರು. ಅಮ್ಮ ಎದ್ದು ಅವರ ಕಡೆ ತಿರುಗಿದಳು.

“ಹೊಸ ಹಗ್ಗ ಬೇಡ ಅಣ್ಣಾ. ರಾಟೆ ಒಂದು, ನೀರು ಒಂದು. ಹಗ್ಗ ಮಾತ್ರ ಎರಡು ಮಾಡಿ ಯಾರಿಗೆ ಮೋಸ ಮಾಡೋಣ?”

ಅವತ್ತೇ ಮಧ್ಯಾಹ್ನ ಅಪ್ಪ ಸುತ್ತಿಗೆ ತೆಗೆದುಕೊಂಡು ಹೋಗಿ ಬಾವಿಯ ಮರದ ಕಂಬಕ್ಕೆ ಒಂದು ದಪ್ಪ ಮೊಳೆ ಹೊಡೆದರು. ಮೂರು ಸಲ ಹೆಬ್ಬೆರಳಿಗೆ ಹೊಡೆದುಕೊಂಡರು. ಕೈಕೆಲಸದಲ್ಲಿ ಅಪ್ಪ ಯಾವತ್ತೂ ಸೊನ್ನೆ. ಮಂದಿರದ ಗೋಡೆಯ ಸರದಿ ಪಟ್ಟಿಯನ್ನು ಕಿತ್ತು ಮಡಿಸಿ ಜೇಬಿಗಿಟ್ಟುಕೊಂಡರು. ಹಗ್ಗವನ್ನು ಒಳಗಿನಿಂದ ತಂದವಳು ಅಮ್ಮ. ಮಾರನೆಯ ಬೆಳಿಗ್ಗೆ ಮುದ್ದಮ್ಮ ಬಂದು ಕಟ್ಟೆಯ ಕೆಳಗೆ ನಿಂತಾಗ ಅಮ್ಮ, ‘ಅಲ್ಲಿದೆ ನೋಡು’ ಎಂದಷ್ಟೇ ಹೇಳಿ ಕಸ ಗುಡಿಸುತ್ತ ಹೋದಳು. ಮುದ್ದಮ್ಮ ಕಟ್ಟೆ ಹತ್ತಿದಳು. ಎಷ್ಟು ಸಲೀಸಾಗಿ ಸೇದಿದಳೆಂದರೆ, ನಾವು ಅಷ್ಟು ದಿನ ಉಸಿರು ಕಟ್ಟಿ ಸೇದುತ್ತಿದ್ದ ಸೇವೆ ನನಗೆ ನಗು ತರಿಸಿತು.

ಎಲ್ಲರಿಗೂ ಇದು ಹಿತವಾಗಲಿಲ್ಲ. ದೇವದಾನಪ್ಪನವರ ಹೆಂಡತಿ ಕೆಲವು ತಿಂಗಳು ನಮ್ಮ ಬಾವಿಗೆ ಬರುವುದನ್ನು ಬಿಟ್ಟು ಸವುಳು ನೀರಲ್ಲೇ ಬೇಳೆ ಬೇಯಿಸಿದರು. ಸೌದೆಯ ಖರ್ಚು ನೋಡಿಯೋ ಮನಸ್ಸು ಮಾಗಿಯೋ, ಮಳೆಗಾಲದ ಹೊತ್ತಿಗೆ ಮತ್ತೆ ಬಂದರು. ಯಾರೂ ಏನೂ ಕೇಳಲಿಲ್ಲ. ಬೆಂಚು ಮತ್ತು ಚಾಪೆ ಇನ್ನೂ ಬಹಳ ಕಾಲ ಹಾಗೇ ಇದ್ದವು. ಒಂದು ಹಗ್ಗ ಹೊರಗೆ ಬಂದ ಮಾತ್ರಕ್ಕೆ ಎಲ್ಲ ಸರಿಯಾಯಿತೆಂದು ನಾನು ಬರೆದರೆ ಅದು ಸುಳ್ಳು. ಅಪ್ಪ ಮಾತ್ರ ಆ ಬೇಸಿಗೆಯಲ್ಲಿ ಅರ್ಜಿಯ ಹಿಂದೆ ಬಿದ್ದು ಎಷ್ಟೋ ಸಲ ಕಚೇರಿಗೆ ಅಲೆದರು; ಅವರ ಭಾನುವಾರದ ಪ್ರಸಂಗಗಳು ಚಿಕ್ಕವಾದವು.

ನಾವು ಎಲ್ಲರೂ ಮನಸ್ಸಿನಲ್ಲೇ ಕಾಯುತ್ತಿದ್ದ ದಿನ ಒಂದು ಸಂತೆಯಂದು ಬಂತು. ಉರಿಬಿಸಿಲು. ಅಮ್ಮ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಹಿಟ್ಟು ಸುರಿದಿದ್ದಳು. ಬಾಗಿಲಾಚೆ ಎತ್ತಿನ ಗೆಜ್ಜೆಯ ಸದ್ದಾಯಿತು. ತಿಮ್ಮಣ್ಣ ಮಾವ ಚೀಲ ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಬಂದ. ಮುಖ ಕೆಂಪಗೆ ಬೆಂದಿತ್ತು, ತುಟಿ ಒಣಗಿತ್ತು. ಆಗ ಕಟ್ಟೆಯ ಮೇಲೆ ಮುದ್ದಮ್ಮ ನೀರು ಸೇದುತ್ತಿದ್ದಳು. ಒಕ್ಕಲು ಗಂಡಸನ್ನು ಕಂಡದ್ದೇ ಅವಳ ಮೈ ತಾನಾಗಿ ಹಿಂದೆ ಸರಿಯಿತು. ಹಗ್ಗದ ಮೇಲಿನ ಕೈ ಸಡಿಲವಾಯಿತು.

“ಕೈ ಬಿಡಬೇಡ ಮುದ್ದಮ್ಮ,” ಎಂದಳು ಅಮ್ಮ ಬಾಗಿಲಿಂದ. “ಕೊಡ ಕೆಳಗಿದೆ. ಸೇದಿ ಮುಗಿಸು.”

ಮಾವ ನಿಂತಲ್ಲೇ ನಿಂತ. ಹಗ್ಗ ನೋಡಿದ, ಮೊಳೆ ನೋಡಿದ, ಅಮ್ಮನನ್ನು ನೋಡಿದ.

“ಇವರೂ ಸೇದ್ತಾರೇನಕ್ಕ ಈಗ?”

“ಹೂಂ ಕಣಪ್ಪ. ಎಲ್ಲಾರೂ ಸೇದ್ತಾರೆ.”

“ನಂಗೆ ಬೇರೆ ಹಗ್ಗ ಇಲ್ವಾ?”

“ಇಲ್ಲ ತಿಮ್ಮಣ್ಣ. ಇರೋದು ಇದೊಂದೇ. ಬಾ, ಕೈಕಾಲು ತೊಳ್ಕೋ.”

ಅವನು ಕೆಟ್ಟ ಮಾತು ಒಂದೂ ಆಡಲಿಲ್ಲ. ಚೀಲವನ್ನು ಜಗಲಿಯ ಮೇಲೆ, ತೆಂಗಿನಕಾಯಿ ಉರುಳದಂತೆ ಮೆಲ್ಲಗೆ ಇಳಿಸಿದ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಆ ಒರೆಸುವುದು ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು.

“ನಾನು ಆ ಊರಲ್ಲೇ ಬದುಕ್ಬೇಕಲ್ಲಕ್ಕ,” ಎಂದ. ಗೇಟಿನವರೆಗೆ ಹೋಗಿ ತಿರುಗಿ, “ಹುಷಾರು ಕಣಕ್ಕ,” ಎಂದ. ಗಾಡಿ ಹೊರಟಿತು. ಅವನು ಇನ್ನೂ ಬಹಳ ವರ್ಷ ಬದುಕಿದ್ದ. ಅಮ್ಮ ಅವನನ್ನು ನೋಡಿದ್ದು ಅದೇ ಕೊನೆ.

ಮುದ್ದಮ್ಮ ಕೊಡವನ್ನು ಕಟ್ಟೆಯ ಮೇಲಿಟ್ಟು, “ಅವ್ವಾ, ನಾನೊಂದು ಗಳಿಗೆ ಆಚೀಗ್ ಹೋಗಿದ್ರೆ ಆಗ್ತಿತ್ತಲ್ಲ,” ಎಂದಳು.

“ಇವತ್ತು ಹೋಗಿದ್ರೆ ದಿನಾ ಹೋಗ್ಬೇಕಾಗ್ತಿತ್ತು,” ಎಂದಳು ಅಮ್ಮ. ಅಷ್ಟು ಹೇಳಿ ಒಳಗೆ ಬಂದವಳು ಒಲೆಯ ಮುಂದೆ ಕುಸಿದು ಕೂತು, ಮಂಡಿಗೆ ಹಣೆ ಒತ್ತಿ, ದನಿ ಎತ್ತಿ ಅತ್ತಳು. ಅಮ್ಮ ಹಾಗೆ ಅಳಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಕೋಣೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತರು. ಸಾವಿನ ಮನೆಗಳಲ್ಲಿ, ಕಾಯಿಲೆಯ ಮನೆಗಳಲ್ಲಿ ಸಮಾಧಾನ ಹೇಳಿ ಹೇಳಿ ಹೆಸರಾಗಿದ್ದ ಮನುಷ್ಯ. ಅವರ ಬಾಯಿಂದ ಏನೂ ಬರಲಿಲ್ಲ. ಅದು ಎರಡನೆಯ ಸಲ.

ಹಿಟ್ಟು ಸೀದ ವಾಸನೆ ಬಂತು. ಆಗ ಮುದ್ದಮ್ಮ ಬಾಗಿಲಲ್ಲಿದ್ದ ಅಪ್ಪನನ್ನು ಸರಿಸಿಕೊಂಡು ಒಳಗೆ ಬಂದಳು. ನಮ್ಮ ಅಡುಗೆಮನೆಗೆ ಕೇರಿಯವರು ಯಾರೂ ಅದುವರೆಗೆ ಕಾಲಿಟ್ಟಿರಲಿಲ್ಲ. ಅವಳನ್ನು ಯಾರೂ ಕರೆಯಲೂ ಇಲ್ಲ, ಅವಳು ಯಾರನ್ನೂ ಕೇಳಲೂ ಇಲ್ಲ. “ತಳ ಹಿಡೀತದೆ, ಒಸಿ ಸರ್ಕೋ ಅವ್ವಾ,” ಎಂದು ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಡಕೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕೋಲು ತೆಗೆದುಕೊಂಡು ಹಿಟ್ಟು ತಿರುವತೊಡಗಿದಳು. ಅಮ್ಮ ಅಳುತ್ತಲೇ ಸ್ವಲ್ಪ ಸರಿದು ಅವಳಿಗೆ ಜಾಗ ಕೊಟ್ಟಳು.

ಅವಳು ಕಟ್ಟಿದ ಮುದ್ದೆಗಳು ನಮ್ಮಮ್ಮ ಕಟ್ಟುವುದಕ್ಕಿಂತ ದೊಡ್ಡವಿದ್ದವು. ಮುದ್ದಮ್ಮನಿಗೂ ಒಂದು ತಟ್ಟೆ ಇಟ್ಟಳು ಅಮ್ಮ. ನಾಲ್ವರೂ ನೆಲದ ಮೇಲೆ ಕೂತು ಉಂಡೆವು. ಉಂಡು ಕೈ ತೊಳೆದ ಮೇಲೆ ನನಗೆ ಹೊಳೆಯಿತು, ಅಪ್ಪ ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವುದನ್ನೇ ಮರೆತಿದ್ದರು.